ಹೆಜ್ಜೆಯ ವಾರಸುದಾರರು ಯಾರು?

ಏಪ್ರಿಲ್ 29 ಅಂತಾರಾಷ್ಟ್ರೀಯ ನೃತ್ಯ ದಿನ. ನಮ್ಮ ಉಡುಪಿ, ಕಾರ್ಕಳದ ಕಡೆ ಆ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟ ಕೊನೆಯ ಹಂತಕ್ಕೆ ಬಂದಿರುತ್ತದೆ. ಗೆಜ್ಜೆ ಬಿಚ್ಚುವ ಪತ್ತನಾಜೆಗೆ ಇನ್ನು ಮೂರು-ನಾಲ್ಕು ವಾರ. ರಾತ್ರಿಯಿಡೀ ಕುಣಿದು, ಹಗಲು ಆಟ ಆಡಿಸುವವರ ಮನೆಯ ಚಾವಡಿಯಲ್ಲೋ ಶಾಲೆಯ ಜಗಲಿಯಲ್ಲೋ ಮಲಗಿರುವ ವೇಷಧಾರಿಗೆ ಜಗತ್ತಿನಲ್ಲಿ ತನ್ನ ಕಸುಬಿಗೂ ಒಂದು ದಿನಾಚರಣೆ ಇದೆಯೆಂದು ಗೊತ್ತಿರಲಿಕ್ಕಿಲ್ಲ. ಅದು ಯಾರ ಹುಟ್ಟುಹಬ್ಬ ಎಂಬುದಂತೂ ದಿನಾಚರಣೆ ಮಾಡುವ ನಮ್ಮಲ್ಲೇ ಅನೇಕರಿಗೆ ತಿಳಿಯದು. 1982ರಲ್ಲಿ ಅಂತಾರಾಷ್ಟ್ರೀಯ ರಂಗಭೂಮಿ ಸಂಸ್ಥೆಯ ನೃತ್ಯ ಸಮಿತಿ ಈ ದಿನವನ್ನು ಆರಿಸಿದ್ದು, ಜಾನ್ ಜಾರ್ಜ್ ನೊವೇರ್ ಎಂಬ ಹದಿನೆಂಟನೇ ಶತಮಾನದ ಫ್ರೆಂಚ್ ಬ್ಯಾಲೆ ಗುರು ಹುಟ್ಟಿದ ದಿನವೆಂಬ ಕಾರಣಕ್ಕೆ.

ಈ ನೊವೇರ್‌ನ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏಕೆಂದರೆ ನಮ್ಮ ಊರಿನ ಒಂದು ಹಳೆಯ ಜಗಳ ಅದರಲ್ಲಿ ಇದೆ.

ಆತ 1727ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ. ತಂದೆ ಸ್ವಿಸ್ ಸೈನಿಕ. ಲೂಯಿ ದ್ಯುಪ್ರೆ ಎಂಬ ಹೆಸರಾಂತ ನರ್ತಕನ ಬಳಿ ಕಲಿತು ರಂಗಕ್ಕೆ ಬಂದಾಗ ಬ್ಯಾಲೆ ಎಂದರೆ ಒಪೆರಾದ ಹಾಡುಗಳ ನಡುವೆ ಬಂದುಹೋಗುವ ಒಂದು ಅಲಂಕಾರ. ನರ್ತಕರ ಮುಖಕ್ಕೆ ಮುಖವಾಡ, ತಲೆಗೆ ಭಾರದ ಟೋಪನ್ನು, ನರ್ತಕಿಯರ ಸೊಂಟದ ಸುತ್ತ ಬಳೆ ಕಟ್ಟಿ ಹಿಗ್ಗಿಸಿದ ಲಂಗ. ಕಾಲು ಚುರುಕಾಗಿದ್ದರೆ ಸಾಕು, ಕಥೆ ಬೇಕಿಲ್ಲ, ಭಾವ ಬೇಕಿಲ್ಲ. ನೊವೇರ್ ಇದನ್ನು ಒಪ್ಪಲಿಲ್ಲ. ಮಾತಿಲ್ಲದೆ ಕೇವಲ ದೇಹದಿಂದ ಒಂದು ನಾಟಕವನ್ನು ಹೇಳಲು ಸಾಧ್ಯ, ಅದಕ್ಕೆ ಮೊದಲು ನರ್ತಕನ ಮುಖ ಪ್ರೇಕ್ಷಕನಿಗೆ ಕಾಣಬೇಕು ಎಂದ. ತನ್ನ ವಾದವನ್ನೆಲ್ಲ ಪತ್ರಗಳ ರೂಪದಲ್ಲಿ ಬರೆದು 1760ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಯುರೋಪಿನ ನೃತ್ಯದ ಚರಿತ್ರೆಯಲ್ಲಿ ಅಷ್ಟು ಓದಲ್ಪಟ್ಟ ಪುಸ್ತಕ ಇನ್ನೊಂದಿಲ್ಲ ಎನ್ನಬಹುದು. ಅದೇ ವರ್ಷ ಸ್ಟುಟ್‌ಗಾರ್ಟ್‌ನ ಅರಮನೆಯಲ್ಲಿ ಕೆಲಸ ಸಿಕ್ಕಿತು. 1767ರಿಂದ ವಿಯೆನ್ನಾದಲ್ಲಿದ್ದು ರಾಜಕುಮಾರಿ ಮೇರಿ ಆಂಟಾಯ್ನೆಟ್‌ಗೆ ನೃತ್ಯ ಕಲಿಸಿದ. ಆಕೆ ಫ್ರಾನ್ಸಿನ ರಾಣಿಯಾದ ಮೇಲೆ ಗುರುವನ್ನು ಮರೆಯಲಿಲ್ಲ. 1776ರಲ್ಲಿ ಪ್ಯಾರಿಸ್ ಒಪೆರಾದ ಬ್ಯಾಲೆ ಗುರುವಿನ ಹುದ್ದೆ ಅವನಿಗೆ ದೊರೆತದ್ದು ಆಕೆಯ ಕೃಪೆಯಿಂದ. ಆದರೆ ಅಲ್ಲಿದ್ದವರು ಹೊರಗಿನಿಂದ ಬಂದು ತಮ್ಮ ತಲೆಯ ಮೇಲೆ ಕುಳಿತವನನ್ನು ಸಹಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಆತ ಹುದ್ದೆ ಬಿಟ್ಟ. ಮುಂದೆ ಕ್ರಾಂತಿಯ ಗದ್ದಲದಲ್ಲಿ ಅವನ ಪಿಂಚಣಿಯೂ ಹೋಯಿತು. 1810ರಲ್ಲಿ ಪ್ಯಾರಿಸ್ ಸಮೀಪದ ಒಂದು ಊರಿನಲ್ಲಿ ತೀರಿಕೊಂಡ.

ವಿಚಿತ್ರವೆಂದರೆ ಅವನು ಕಟ್ಟಿದ ನೂರಕ್ಕೂ ಮಿಕ್ಕಿದ ಬ್ಯಾಲೆಗಳಲ್ಲಿ ಒಂದಾದರೂ ಅವನು ಕಲಿಸಿದ ಹೆಜ್ಜೆಗಳಲ್ಲಿ ಇಂದು ಉಳಿದಿಲ್ಲ. ಕಥಾಸಾರಗಳಿವೆ, ಕೆಲವಕ್ಕೆ ಸಂಗೀತವಿದೆ, ವೇಷಭೂಷಣದ ಚಿತ್ರಗಳಿವೆ. ಹೆಜ್ಜೆ ಇಲ್ಲ. ಅವನದೆಂದು ಈಗ ಆಡಿತೋರಿಸುವುದೆಲ್ಲ ಹೊಸಬರು ಊಹಿಸಿ ಕಟ್ಟಿದ್ದು. ಹೆಜ್ಜೆಗಳನ್ನು ಕಾಗದದ ಮೇಲೆ ಗುರುತುಗಳಲ್ಲಿ ಬರೆದಿಡುವ ಪದ್ಧತಿ ಫ್ರಾನ್ಸಿನಲ್ಲಿ 1700ರಷ್ಟು ಹಿಂದೆಯೇ ಅಚ್ಚಾಗಿ ಬಳಕೆಯಲ್ಲಿತ್ತು. ನೊವೇರ್‌ಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ಕಾಲಿನ ಜಾಡು ಬರೆದರೆ ಕಣ್ಣಿನ ಭಾವ ಎಲ್ಲಿ ಬರೆಯುತ್ತೀರಿ ಎಂಬರ್ಥದ ವಾದ ಅವನದು. ಬ್ಯಾಲೆ ಗುರುಗಳ ಹೆಸರು ಜನರಿಗೆ ಏಕೆ ತಿಳಿಯದೆ ಹೋಗುತ್ತದೆ ಎಂದು ಅದೇ ಪುಸ್ತಕದಲ್ಲಿ ಅಳಲನ್ನೂ ತೋಡಿಕೊಂಡಿದ್ದಾನೆ. ಅವನ ಹೆಸರನ್ನಂತೂ ಪುಸ್ತಕ ಉಳಿಸಿತು.

ಹಾಗಾದರೆ ಪುಸ್ತಕ ಬರೆಯದವರ ಗತಿ?

ಮರೀ ಸಾಲೆ ಎಂಬ ನರ್ತಕಿ 1734ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಬಳೆಲಂಗವನ್ನೂ ಟೋಪನ್ನನ್ನೂ ಬಿಟ್ಟು, ಸಾದಾ ಮಸ್ಲಿನ್ ಉಡುಪಿನಲ್ಲಿ, ಕೂದಲನ್ನು ಹಾಗೇ ಇಳಿಬಿಟ್ಟು ಕುಣಿದಿದ್ದಳು. ಆಗ ನೊವೇರ್ ಏಳು ವರ್ಷದ ಹುಡುಗ. ಅವನು ಆಕೆಯನ್ನು ಮನಸಾರೆ ಹೊಗಳಿದ್ದಾನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಸುಧಾರಣೆಯ ಕೀರ್ತಿ ಬರೆದವನ ಪಾಲಿಗೆ ಬಂತು. ವಿಯೆನ್ನಾದಲ್ಲಿ ಹಿಲ್ವರ್ಡಿಂಗ್ ಎಂಬ ಗುರು ಮಾತಿಲ್ಲದ ನೃತ್ಯನಾಟಕವನ್ನು ನೊವೇರ್‌ಗಿಂತ ಮೊದಲೇ ಆಡಿಸಿದ್ದ. ಅವನೂ ಪುಸ್ತಕ ಬರೆಯಲಿಲ್ಲ. ಅವನ ಶಿಷ್ಯ ಆಂಜೊಲಿನಿಗೆ ಇದು ಸಹಿಸದೆ 1773ರಲ್ಲಿ ನೊವೇರ್‌ಗೆ ಬಹಿರಂಗ ಪತ್ರಗಳನ್ನೇ ಬರೆದು ಅಚ್ಚು ಹಾಕಿಸಿದ: ನೀನು ನಿನ್ನದೆಂದು ಹೇಳಿಕೊಳ್ಳುವುದು ನನ್ನ ಗುರುವಿನದು ಎಂದು. ಗುರುವಿನ ಪರವಾಗಿ ಶಿಷ್ಯನೊಬ್ಬ ಲೇಖನಿ ಹಿಡಿಯದಿದ್ದರೆ ಆ ಹೆಸರು ಕೂಡ ನಮ್ಮವರೆಗೆ ಬರುತ್ತಿತ್ತೋ ಇಲ್ಲವೋ.

ಇಲ್ಲಿಂದ ನಮ್ಮ ಊರಿಗೆ ಬರೋಣ. ನಮ್ಮ ಕರಾವಳಿಯಲ್ಲಿ ನಡೆದದ್ದು ಬಹುಮಟ್ಟಿಗೆ ಇದರ ತಿರುವುಮುರುವು. ಇಲ್ಲಿ ಹೆಜ್ಜೆ ಉಳಿಯಿತು, ಹೆಸರು ಅಳಿಯಿತು. ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆಯ ಸ್ತ್ರೀವೇಷ, ಹೀಗೆ ಮೆಟ್ಟಿಲು ಹತ್ತುತ್ತ ಪುಂಡುವೇಷಕ್ಕೋ ಮುಂಡಾಸಿನ ವೇಷಕ್ಕೋ ಬರುತ್ತಿದ್ದ. ಚೌಕಿಯಲ್ಲಿ ಹಿರಿಯರ ಮಗ್ಗುಲಲ್ಲಿ ಕೂತು ಬಣ್ಣ ಹಚ್ಚುವುದನ್ನು ನೋಡಿ, ರಂಗಸ್ಥಳದ ಬದಿಯಲ್ಲಿ ನಿದ್ದೆ ತೂಗುತ್ತ ತಾಳ ಕೇಳಿ ಕಲಿಯುತ್ತಿದ್ದ. ಕಲಿಸಿದವನ ಹೆಸರು ಎಲ್ಲೂ ಬರೆಯಲ್ಪಡುತ್ತಿರಲಿಲ್ಲ. ಅದು ಶಿಷ್ಯನ ಮಂಡಿಯಲ್ಲಿ, ಹಿಮ್ಮಡಿಯಲ್ಲಿ ಇರುತ್ತಿತ್ತು.

ಬರೆದವನು ಕೂಡ ಹೆಸರನ್ನು ಬಿಟ್ಟುಕೊಟ್ಟ ಒಂದು ಅಪೂರ್ವ ಉದಾಹರಣೆ ಕಾರ್ಕಳ ತಾಲೂಕಿನ ನಂದಳಿಕೆಯದು. ಮುದ್ದಣನೆಂದು ನಾವೆಲ್ಲ ಬಲ್ಲ ಲಕ್ಷ್ಮೀನಾರಣಪ್ಪ ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಎರಡು ಯಕ್ಷಗಾನ ಪ್ರಸಂಗಗಳನ್ನು ಬರೆದವರು. ಹೊಟ್ಟೆಪಾಡಿಗೆ ಉಡುಪಿಯಲ್ಲಿ ಡ್ರಿಲ್ ಮಾಸ್ತರಿಕೆ. ತಮ್ಮ ಕಾವ್ಯಗಳನ್ನು ಯಾರೋ ಹಳೆಯ ಕವಿಯ ಓಲೆಗರಿ ಸಿಕ್ಕಿತೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದರು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ಕ್ಷಯದಿಂದ ತೀರಿಕೊಂಡರು. ಅವರು ಬರೆದದ್ದು ನಮ್ಮ ಪಠ್ಯಪುಸ್ತಕಗಳಲ್ಲಿದೆ. ಅಂಗಳದಲ್ಲಿ ಸಾಲು ನಿಲ್ಲಿಸಿ ಹುಡುಗರ ಕೈಕಾಲಿಗೆ ಅವರು ಕಲಿಸಿದ್ದೇನೆಂದು ಕೇಳಿದರೆ ಯಾರೂ ಹೇಳಲಾರರು.

ನೊವೇರ್‌ನೊಂದಿಗೆ ಹೋಲಿಸಬಹುದಾದವರು ನಮ್ಮಲ್ಲಿ ಒಬ್ಬರೇ: ಕೋಟದ ಶಿವರಾಮ ಕಾರಂತರು. ಕಾದಂಬರಿಕಾರರೆಂದು ಅವರನ್ನು ಓದಿದವರಿಗೆ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರಿಗೆ 1959ರಲ್ಲಿ ಬಂದದ್ದು ‘ಯಕ್ಷಗಾನ ಬಯಲಾಟ’ ಎಂಬ ಅಧ್ಯಯನ ಗ್ರಂಥಕ್ಕೆ ಎಂಬುದು ಎಷ್ಟೋ ಸಲ ಮರೆತಿರುತ್ತದೆ. ಅವರು ಬರೆದು ಸುಮ್ಮನಾಗಲಿಲ್ಲ, ಸ್ವತಃ ಕುಣಿದರು, ಕುಣಿಸಿದರು. ರಾತ್ರಿಯಿಡೀ ನಡೆಯುವ ಆಟವನ್ನು ಎರಡು-ಮೂರು ಗಂಟೆಗೆ ಇಳಿಸಿದರು. ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದರು. ವೇಷಭೂಷಣದಲ್ಲಿ ಹೊಸದಾಗಿ ನುಸುಳಿದ್ದ ಥಳಕನ್ನು ಕಿತ್ತು ಹಳೆಯ ಬಣ್ಣಗಳನ್ನು ಹುಡುಕಿ ತಂದರು. ಎಲ್ಲಕ್ಕಿಂತ ಮುಖ್ಯವಾಗಿ ಮಾತನ್ನು ತೆಗೆದರು. ಪದ್ಯ ಮತ್ತು ಕುಣಿತ, ಇಷ್ಟೇ. ಅದನ್ನು ಯಕ್ಷಗಾನ ಬ್ಯಾಲೆ ಎಂದು ಕರೆದರು. ‘ಯಕ್ಷರಂಗ’ ಎಂಬ ತಂಡ ಕಟ್ಟಿಕೊಂಡು ದೇಶವಿದೇಶಗಳಿಗೆ ಹೋದರು.

ಊರಿನಲ್ಲಿ ಸಿಟ್ಟಾದವರು ಬಹಳ. ಅರ್ಥಗಾರಿಕೆ ಇಲ್ಲದ ಮೇಲೆ ಅದೆಂಥ ಯಕ್ಷಗಾನ ಎಂದರು. ಈ ಜಗಳವನ್ನು ಸಂಪ್ರದಾಯ ಮತ್ತು ಪ್ರಯೋಗದ ಜಗಳವೆಂದು ಹೇಳಿ ಮುಗಿಸುವುದು ವಾಡಿಕೆ. ನಮಗೆ ಅದು ಅಷ್ಟು ಸರಳವಾಗಿ ಕಾಣುವುದಿಲ್ಲ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಆ ಪದ್ಯ ಕವಿಯದು, ಹಾಡುವವನು ಭಾಗವತ. ಮಾತನ್ನು ಯಾರೂ ಬರೆದುಕೊಡುವುದಿಲ್ಲ. ಅದನ್ನು ವೇಷಧಾರಿ ಆ ಕ್ಷಣದಲ್ಲಿ ತಾನೇ ಕಟ್ಟುತ್ತಾನೆ. ಕರ್ಣನಾಗಿ ಕೃಷ್ಣನನ್ನು ಏನು ಕೇಳಬೇಕು, ಮಂಥರೆಯಾಗಿ ಕೈಕೇಯಿಗೆ ಹೇಗೆ ಕಿವಿಯೂದಬೇಕು ಎಂಬುದು ಅವನ ಓದು, ಅವನ ಬುದ್ಧಿ, ಅವನ ಕುಚೋದ್ಯ. ಇಡೀ ಆಟದಲ್ಲಿ ಕಲಾವಿದನ ಸ್ವಂತ ಆಸ್ತಿ ಎನ್ನಬಹುದಾದ ಭಾಗ ಅದು. ಮಾತು ತೆಗೆದಾಗ ಕಲೆಗೆ ಏನಾಯಿತು ಎಂದು ವಿದ್ವಾಂಸರು ಬೇಕಾದಷ್ಟು ಚರ್ಚಿಸಿದ್ದಾರೆ. ಕಲಾವಿದನಿಗೆ ಏನಾಯಿತು ಎಂಬುದನ್ನೂ ಕೇಳಬೇಕಲ್ಲವೇ? ನೊವೇರ್ ಮುಖವಾಡ ತೆಗೆಸಿ ನರ್ತಕನಿಗೆ ಮುಖ ಕೊಟ್ಟ, ನಿಜ. ಆದರೆ ಅವನ ಬ್ಯಾಲೆಯಲ್ಲಿ ಆ ಮುಖದಲ್ಲಿ ಯಾವ ಭಾವ ಯಾವಾಗ ಬರಬೇಕೆಂದು ತೀರ್ಮಾನಿಸುವವನು ಬ್ಯಾಲೆ ಗುರು. ಸುಧಾರಕ ಬಂದಲ್ಲೆಲ್ಲ ಯಜಮಾನಿಕೆಯೂ ಬರುತ್ತದೆ.

ಹಾಗೆಂದು ಕಾರಂತರನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸಲು ನಾವು ಸಿದ್ಧರಿಲ್ಲ. ಟಿಕೇಟಿನ ಡೇರೆ ಮೇಳಗಳ ಕಾಲದಲ್ಲಿ ಮಾತು ಎಷ್ಟು ಬೆಳೆಯಿತೆಂದರೆ ಕುಣಿತಕ್ಕೆ ಜಾಗವೇ ಉಳಿಯಲಿಲ್ಲ. ಒಡ್ಡೋಲಗಗಳು ಮೊಟಕಾದವು. ಹಾಸ್ಯ ಕೀಳಾಯಿತು. ದೇಹದ ವಿದ್ಯೆ ಸಾಯುತ್ತಿದೆ ಎಂದು ಕಂಡವರು ಕಾರಂತರು, ಮತ್ತು ಅವರು ಕಂಡದ್ದು ಸರಿ. ಕನ್ನಡ ಬಾರದವರ ಮುಂದೆ ಮಾತಿಲ್ಲದೆ ನಿಂತೂ ಈ ಕಲೆ ಗೆಲ್ಲಬಲ್ಲದು ಎಂದು ತೋರಿಸಿಕೊಟ್ಟದ್ದು ಸಣ್ಣ ಸಂಗತಿಯಲ್ಲ. ಆದರೂ ಅವರ ಬ್ಯಾಲೆಯೊಂದೇ ಉಳಿದು ಮಾತಿನ ಯಕ್ಷಗಾನ ಅಳಿದಿದ್ದರೆ ಕೆಲವರಿಗೆ ಬಾಗಿಲೇ ಮುಚ್ಚಿಹೋಗುತ್ತಿತ್ತು. ಸಂಪಾಜೆಯ ಜಬ್ಬಾರ್ ಸಮೋ ತಾಳಮದ್ದಳೆಯಲ್ಲಿ ಪುರಾಣದ ಪಾತ್ರಗಳಿಗೆ ಅರ್ಥ ಹೇಳುತ್ತಾರೆ; ಹೆಸರಾಂತ ಅರ್ಥಧಾರಿಗಳ ಎದುರು ಕೂತು ವಾದಿಸುತ್ತಾರೆ. ಅವರು ಈ ಕಲೆಗೆ ಬಂದದ್ದು ಮಾತಿನ ಬಾಗಿಲಿನಿಂದ. ಕಾಪುವಿನಿಂದ ತುಸು ದಕ್ಷಿಣಕ್ಕೆ ಹೋದರೆ ಮೂಲ್ಕಿಯ ಬಪ್ಪನಾಡು. ಅಲ್ಲಿನ ದೇವಸ್ಥಾನವನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಎಂಬುದು ಐತಿಹ್ಯ. ಆ ಕಥೆಯ ಪ್ರಸಂಗದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಬಪ್ಪನನ್ನು ನೋಡಿದ ಹಿರಿಯರು ಇಂದಿಗೂ ನೆನೆಸುವುದು ಕುಣಿತವನ್ನಲ್ಲ, ಅವರ ಮಾತನ್ನು.

ಕಾರಂತರ ಜೊತೆ ನಿಂತವರ ಬಗ್ಗೆ ಹೇಳದೆ ಈ ಮಾತು ಪೂರ್ತಿಯಾಗದು. ಉಡುಪಿ-ಮಣಿಪಾಲ ರಸ್ತೆಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ, ಪ್ರಿನ್ಸಿಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರ ಉತ್ಸಾಹದಿಂದ, 1971ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಚೌಕಿಯಲ್ಲಿ ಕದ್ದುಮುಚ್ಚಿ ಕಲಿಯುತ್ತಿದ್ದುದನ್ನು ಹಗಲು ಹೊತ್ತಿನಲ್ಲಿ, ಊಟ-ವಸತಿ ಕೊಟ್ಟು, ಜಾತಿ ಕೇಳದೆ ಕಲಿಸಬಹುದೆಂದು ಅದು ತೋರಿಸಿತು. ಅಲ್ಲಿ ಕುಣಿತ ಕಲಿಸಿದವರು ಮಟಪಾಡಿ ವೀರಭದ್ರ ನಾಯ್ಕರು, ಮದ್ದಳೆ ಹಿರಿಯಡಕ ಗೋಪಾಲ ರಾಯರು, ಭಾಗವತಿಕೆ ನೀಲಾವರ ರಾಮಕೃಷ್ಣಯ್ಯನವರು. ಬಡಗುತಿಟ್ಟಿನ ಮಟಪಾಡಿ ಶೈಲಿಯೆಂದು ಇಂದು ನಾವು ಗುರುತಿಸುವುದು ವೀರಭದ್ರ ನಾಯ್ಕರ ದೇಹದಲ್ಲಿ ಉಳಿದುಕೊಂಡು ಬಂದದ್ದು. ಅವರು ಗ್ರಂಥ ಬರೆಯಲಿಲ್ಲ. ಅವರ ಗ್ರಂಥವೆಂದರೆ ಬನ್ನಂಜೆ ಸಂಜೀವ ಸುವರ್ಣರಂಥ ಶಿಷ್ಯರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಸುವರ್ಣರು ಅದೇ ಕೇಂದ್ರದ ಗುರುಗಳಾಗಿ, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಗಳಿಗೂ ಹೆಜ್ಜೆ ಕಲಿಸಿದವರು. ಒಮ್ಮೆ ಅವರು ತೋರಿಸಿದ ಹೆಜ್ಜೆಯಲ್ಲಿ ಇಷ್ಟು ಪಾಲು ನಾಯ್ಕರದು, ಇಷ್ಟು ಕಾರಂತರದು, ಇಷ್ಟು ತನ್ನದು ಎಂದು ಯಾವ ತಕ್ಕಡಿಯಲ್ಲಿ ತೂಗುವುದು?

ಗೋಪಾಲ ರಾಯರ ಕಥೆ ಇನ್ನೂ ಕುತೂಹಲಕರ. ಬಡಗುತಿಟ್ಟಿಗೆ ಏರುಶ್ರುತಿಯ ಮದ್ದಳೆಯನ್ನು ತಂದವರೆಂದು ಅವರ ಹೆಸರು. ಅಮೆರಿಕದಿಂದ ಬಂದ ಮಾರ್ತಾ ಆ್ಯಶ್ಟನ್ ಎಂಬ ಸಂಶೋಧಕಿ ಅವರ ಬಳಿ ಕಲಿತು, ಯಕ್ಷಗಾನದ ಮೇಲೆ 1977ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಜಗತ್ತಿನ ಗ್ರಂಥಾಲಯಗಳಲ್ಲಿ ಆ ಪುಸ್ತಕವನ್ನು ಹುಡುಕಬೇಕಾದರೆ ಬರೆದವರ ಹೆಸರಿನಲ್ಲಿ ಹುಡುಕಬೇಕು. ಇದರಲ್ಲಿ ಆ್ಯಶ್ಟನ್ ಅವರ ತಪ್ಪೇನಿಲ್ಲ. ಅವರು ಬರೆಯದಿದ್ದರೆ ನಾವು ಬರೆಯುತ್ತಿದ್ದೆವೆಂದು ಎದೆ ತಟ್ಟಿ ಹೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನರಿಗಿದೆ? ಗೋಪಾಲ ರಾಯರು ನೂರು ದಾಟಿ ಬದುಕಿ 2020ರ ಅಕ್ಟೋಬರಿನಲ್ಲಿ ತೀರಿಕೊಂಡರು. ಇದಕ್ಕೆ ಹೊರತಾದ ಒಂದು ದಾರಿಯೂ ನಮ್ಮ ಕಣ್ಣ ಮುಂದಿದೆ. ತುಳುವಿನ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೋಂಕೊ ನಮ್ಮ ವಿದ್ವಾಂಸರ ಜೊತೆಗೂಡಿ ದಾಖಲಿಸಿ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟಿಸಿದಾಗ, ಅದನ್ನು ಹಾಡಿದ ಮಾಚಾರಿನ ಗೋಪಾಲ ನಾಯ್ಕರ ಹೆಸರು ಪುಸ್ತಕದ ಶೀರ್ಷಿಕೆಯಲ್ಲೇ ಸೇರಿತು. ಒಳಗಿನ ಕೃತಜ್ಞತೆಯ ಪುಟಕ್ಕೆ ಅದನ್ನು ತಳ್ಳಲಿಲ್ಲ. ಹೀಗೂ ಮಾಡಬಹುದು ಎಂದಾಯಿತು.

ವಾರಸುದಾರಿಕೆಯ ಪ್ರಶ್ನೆಗೆ ಹುಟ್ಟಿನ ಲೆಕ್ಕ ಹಾಕುವವರೂ ಇದ್ದಾರೆ. ಇಂಥ ಕುಲದವನದೇ ಕಲೆ, ಇಂಥ ಧರ್ಮದವನದೇ ರಂಗಸ್ಥಳ ಎಂಬ ಲೆಕ್ಕ. ಇದೂ ಹೊಸತಲ್ಲ. 1755ರಲ್ಲಿ ಡೇವಿಡ್ ಗ್ಯಾರಿಕ್ ಎಂಬ ದೊಡ್ಡ ನಟ ನೊವೇರ್‌ನನ್ನು ಲಂಡನ್ನಿಗೆ ಕರೆಸಿದ. ಆಡಿದ ಬ್ಯಾಲೆಯ ಹೆಸರು ಚೀನೀ ಹಬ್ಬ. ಆಗ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಹತ್ತಿರವಾಗಿತ್ತು. ಫ್ರೆಂಚರು ನಮ್ಮ ರಂಗದ ಮೇಲೆ ಕುಣಿಯಬಾರದು ಎಂದು ಗುಂಪು ಗದ್ದಲವೆಬ್ಬಿಸಿ ರಂಗಮಂದಿರವನ್ನೇ ಪುಡಿಗೈದಿತು. ನೊವೇರ್ ಸ್ವಿಸ್ ಮೂಲದವನು, ನರ್ತಕರಲ್ಲಿ ಹೆಚ್ಚಿನವರು ಫ್ರೆಂಚರೇ ಅಲ್ಲ ಎಂದು ಗ್ಯಾರಿಕ್‌ನ ಕಡೆಯವರು ಪರಿಪರಿಯಾಗಿ ವಿವರಿಸಬೇಕಾಯಿತು. ಕಲಾವಿದ ತನ್ನ ಕುಣಿತಕ್ಕೆ ಉತ್ತರ ಹೇಳುವ ಬದಲು ತನ್ನ ಅಪ್ಪನ ಊರಿಗೆ ಉತ್ತರ ಹೇಳಬೇಕಾದ ಸ್ಥಿತಿ ಅದು. ಕೆಲವೇ ದಿನಗಳಲ್ಲಿ ಪ್ರದರ್ಶನ ನಿಂತಿತು.

ನಮ್ಮ ಕಾಪುವಿನಲ್ಲಿ 2022ರ ಮಾರ್ಚ್‌ನಲ್ಲಿ, ಹಿಜಾಬ್ ತೀರ್ಪಿನ ಬೆನ್ನಿಗೆ, ಮಾರಿಪೂಜೆಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಡಲು ಅವಕಾಶವಾಗಲಿಲ್ಲ. ಆ ಸುದ್ದಿ ದೇಶವೆಲ್ಲ ಹರಡಿತು. ಅದೇ ಮಾರಿಗುಡಿಯಲ್ಲಿ ಮುಸ್ಲಿಂ ಮನೆತನವೊಂದು ತಲೆಮಾರುಗಳಿಂದ ನಾಗಸ್ವರ ನುಡಿಸುತ್ತ ಬಂದಿದೆ, ಆ ಪೂಜೆಯಲ್ಲೂ ನುಡಿಸಿತು. ಈ ಸುದ್ದಿ ಅಷ್ಟಾಗಿ ಹರಡಲಿಲ್ಲ. ಇದನ್ನು ಸೌಹಾರ್ದದ ಸುಂದರ ಚಿತ್ರವೆಂದು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದು ಸುಲಭ. ಉಸಿರು ಬೇಕು, ವ್ಯಾಪಾರ ಬೇಡ ಎನ್ನುವುದರಲ್ಲಿ ಎಂಥ ನ್ಯಾಯವಿದೆ ಎಂದು ಕೇಳುವುದು ಕಷ್ಟ. ನುಡಿಸುವವರು ಮಾತ್ರ ಅಜ್ಜ ನುಡಿಸಿದ್ದರು, ಅಪ್ಪ ನುಡಿಸಿದ್ದರು ಎಂಬ ನೆಲೆಯಲ್ಲಿ ನಿಂತಿದ್ದಾರೆ. ಕಾಗದಪತ್ರ ತೋರಿಸಿ ಪಡೆದ ಹಕ್ಕು ಅದಲ್ಲ. ಮಟಪಾಡಿಯ ಹೆಜ್ಜೆಗೂ ಮಾರಿಗುಡಿಯ ನಾಗಸ್ವರಕ್ಕೂ ಈ ಒಂದು ವಿಷಯದಲ್ಲಿ ವ್ಯತ್ಯಾಸವಿಲ್ಲ: ದೇಹ ದಿನವೂ ದುಡಿದಷ್ಟು ಕಾಲ ಅವು ಇರುತ್ತವೆ.

ಆ ದೇಹ ದಣಿದ ಮೇಲೆ ಏನು ಎಂಬಲ್ಲಿಗೆ ನಮ್ಮ ಪ್ರಶ್ನೆ ಬಂದು ನಿಲ್ಲುತ್ತದೆ. ಪತ್ತನಾಜೆಯ ಮರುದಿನದಿಂದ ಮಳೆಗಾಲ ಮುಗಿಯುವವರೆಗೆ ಮೇಳದ ಸಂಬಳವಿಲ್ಲ. ಕೆಲವರು ಬೇಸಾಯಕ್ಕೆ, ಕೆಲವರು ಹೋಟೆಲಿಗೆ, ಕೆಲವರು ಮಳೆಗಾಲದ ಸಣ್ಣ ತಂಡಗಳಿಗೆ ಹೋಗುತ್ತಾರೆ. ಮಂಡಿ ಕುಳಿತು ಗಿರಕಿ ಹೊಡೆದು ಸವೆದ ಕೀಲುಗಳಿಗೆ ರಜೆಯ ಸಂಬಳ ಎಂಬುದಿಲ್ಲ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಕೆಲಸ ಮಾಡುತ್ತ, ಕಲಾವಿದರ ಕ್ಷೇಮಕ್ಕೆಂದು ‘ಯಕ್ಷನಿಧಿ’ ನಡೆಸುತ್ತಿರುವುದು ಈ ಕಾರಣದಿಂದಲೇ ದೊಡ್ಡ ಕೆಲಸ. ಸರಕಾರದ್ದೂ ಒಂದು ಮಾಸಾಶನವಿದೆ. ಕಷ್ಟದಲ್ಲಿರುವ ವಯಸ್ಸಾದ ಕಲಾವಿದರು ಅರ್ಜಿ ಹಾಕಬಹುದು. ಆದರೆ ಅರ್ಜಿಯ ಜೊತೆ ಕಲಾಸೇವೆಗೆ ದಾಖಲೆ ಲಗತ್ತಿಸಬೇಕು: ಪ್ರಮಾಣಪತ್ರ, ಪತ್ರಿಕೆಯ ತುಣುಕು, ಕರಪತ್ರ. ಪ್ರಮುಖ ವೇಷಧಾರಿಗಳ ಹೆಸರು ಮೇಳದ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತದೆ. ಕೋಡಂಗಿಯಾಗಿ ಕುಣಿದವನ, ಬಾಲಗೋಪಾಲನಾಗಿ ನಿದ್ದೆಗಣ್ಣಿನಲ್ಲಿ ಹೆಜ್ಜೆ ಹಾಕಿದವನ, ಮೂವತ್ತು ವರ್ಷ ಸೇನಾಪತಿಯ ವೇಷದಲ್ಲೇ ನಿಂತವನ ಹೆಸರು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಕೊನೆಯ ಸಾಲಿನಲ್ಲಿ ‘ಇತರರು’ ಎಂದು ಇರುತ್ತದೆ.